ಅನ್ನ ಬಿಟ್ಟವರು ಇಪ್ಪತ್ತೊಂದು ಕಿಲೋಮೀಟರ್ ಓಡಬಹುದೇ?

(ಸಂಸ್ಥೆಯ ವಾರ್ಷಿಕೋತ್ಸವದ ಅಂಗವಾಗಿ ನಡೆದ ಪೋಷಕರ ಹಾಗೂ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ಇಂತಹ ವೇದಿಕೆಗೆ ವೈದ್ಯರನ್ನು ಕರೆದಾಗ 'ಆರೋಗ್ಯವೇ ಭಾಗ್ಯ' ಎಂಬ ವಿಷಯ ಕೊಡುವುದು ವಾಡಿಕೆ. ಈ ಬಾರಿ ಹಳೆ ವಿದ್ಯಾರ್ಥಿ ಸಂಘದವರು ನನಗೆ ವಿಷಯ ಕೊಡಲಿಲ್ಲ, ಒಂದು ಪ್ರಶ್ನೆ ಕೊಟ್ಟರು. ಅವರ ಗೆಳೆಯರೊಬ್ಬರಿಗೆ ನಲವತ್ತೆರಡನೆಯ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಪತ್ತೆಯಾಗಿದೆ. ಅವರು ಅನ್ನ, ರೊಟ್ಟಿ, ಸಿಹಿ ಎಲ್ಲವನ್ನೂ ಬಿಟ್ಟು 'ಕೀಟೋ' ಎಂಬ ಪಥ್ಯ ಹಿಡಿದಿದ್ದಾರೆ. ತೂಕ ಇಳಿದಿದೆ, ಹುರುಪು ಬಂದಿದೆ. ಈಗ ಅರ್ಧ ಮ್ಯಾರಥಾನ್ ಓಡುತ್ತೇನೆ ಎನ್ನುತ್ತಿದ್ದಾರೆ. ಮನೆಯವರಿಗೆ ಭಯ, ಗೆಳೆಯರಿಗೆ ಉತ್ಸಾಹ. "ಡಾಕ್ಟ್ರೇ, ಅನ್ನ ಬಿಟ್ಟವರು ಇಪ್ಪತ್ತೊಂದು ಕಿಲೋಮೀಟರ್ ಓಡಬಹುದಾ?" ಎಂಬುದು ಅವರ ಪ್ರಶ್ನೆ.

ಇದು ಒಬ್ಬರ ಪ್ರಶ್ನೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ಸಮೀಕ್ಷೆಯ ವರದಿ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಈ ಸಭಾಂಗಣದಲ್ಲಿ ಮನೆಯಲ್ಲಿ ಒಬ್ಬರಿಗಾದರೂ ಸಕ್ಕರೆ ಕಾಯಿಲೆ ಇಲ್ಲದವರು ಕೈ ಎತ್ತಿ ಎಂದರೆ ಎಷ್ಟು ಕೈಗಳು ಮೇಲೇಳುತ್ತವೆ ಎಂದು ನಾನು ಹೇಳಬೇಕಾಗಿಲ್ಲ.

ಮೊದಲು ಓಟದ ವಿಷಯ. ಪೂರ್ಣ ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಿದ ದೂರ ಅದು. 1921ರಲ್ಲಿ ಅದನ್ನೇ ಅಧಿಕೃತ ಅಳತೆಯಾಗಿ ಸ್ವೀಕರಿಸಲಾಯಿತು. ಅದರ ಅರ್ಧ 21.0975 ಕಿಲೋಮೀಟರ್. ನಮ್ಮ ದೇಶದಲ್ಲಿ 2004ರಲ್ಲಿ ಮುಂಬೈ ಮ್ಯಾರಥಾನ್, 2005ರಲ್ಲಿ ದೆಹಲಿ ಹಾಫ್ ಮ್ಯಾರಥಾನ್, 2008ರಲ್ಲಿ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟ ಆರಂಭವಾದ ಮೇಲೆ ಸಾಮಾನ್ಯ ಜನರೂ ಬೆಳಗ್ಗೆ ಎದ್ದು ರಸ್ತೆಗಿಳಿಯತೊಡಗಿದರು. ಕಿಲೋಮೀಟರಿಗೆ ಎಂಟು ನಿಮಿಷದಂತೆ ನಿಧಾನವಾಗಿ ಓಡಿದರೆ ಅರ್ಧ ಮ್ಯಾರಥಾನ್ ಮುಗಿಸಲು ಎರಡು ಮುಕ್ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು ಸಮಯ ಬೇಕು.

ಇಷ್ಟು ಓಡಲು ದೇಹಕ್ಕೆ ಇಂಧನ ಎಷ್ಟು ಬೇಕು? ಒಂದು ಸ್ಥೂಲ ಲೆಕ್ಕವಿದೆ: ದೇಹದ ತೂಕದ ಪ್ರತಿ ಕಿಲೋಗೆ, ಓಡಿದ ಪ್ರತಿ ಕಿಲೋಮೀಟರಿಗೆ ಸುಮಾರು ಒಂದು ಕ್ಯಾಲರಿ. ಅಂದರೆ 70 ಕಿಲೋ ತೂಕದವರಿಗೆ ಸುಮಾರು 1500 ಕ್ಯಾಲರಿ. ನಾವು ತಿನ್ನುವ ಅನ್ನ, ರೊಟ್ಟಿ ಜೀರ್ಣವಾಗಿ ಗ್ಲೂಕೋಸ್ ಆಗುತ್ತದೆ. ಅದರ ಒಂದು ಭಾಗ ಗ್ಲೈಕೋಜನ್ ಎಂಬ ರೂಪದಲ್ಲಿ ಸ್ನಾಯುಗಳಲ್ಲಿ 400 ಗ್ರಾಂನಷ್ಟು, ಯಕೃತ್ತಿನಲ್ಲಿ 100 ಗ್ರಾಂನಷ್ಟು ಸಂಗ್ರಹವಾಗಿರುತ್ತದೆ. ಗ್ರಾಂಗೆ ನಾಲ್ಕು ಕ್ಯಾಲರಿಯಂತೆ ಒಟ್ಟು ಸುಮಾರು 2000 ಕ್ಯಾಲರಿ. ಇದು ಜೇಬಿನಲ್ಲಿರುವ ಚಿಲ್ಲರೆ ಹಣವಿದ್ದಂತೆ. ಇನ್ನು ಕೊಬ್ಬು ಎಂಬುದು ಬ್ಯಾಂಕಿನಲ್ಲಿಟ್ಟ ಠೇವಣಿ. ತೆಳ್ಳಗಿರುವವರ ದೇಹದಲ್ಲೂ ಹತ್ತು ಕಿಲೋ ಕೊಬ್ಬು ಇದ್ದೇ ಇರುತ್ತದೆ. ಅದರಲ್ಲಿ 70 ಸಾವಿರ ಕ್ಯಾಲರಿಗೂ ಹೆಚ್ಚು ಶಕ್ತಿ ಅಡಗಿದೆ.

ಹಾಗಾದರೆ ಠೇವಣಿಯನ್ನೇ ಬಿಡಿಸಿಕೊಂಡು ಓಡಬಾರದೇಕೆ? ಕೀಟೋ ಪಥ್ಯದ ಓಟಗಾರರು ಕೇಳುವುದು ಇದನ್ನೇ. ಪ್ರಶ್ನೆ ನ್ಯಾಯವಾದದ್ದು. ಆದ್ದರಿಂದ ಈ ಪಥ್ಯ ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ತಿಳಿಯೋಣ.

ಅನೇಕರು ಇದನ್ನು ಸಿನಿಮಾ ತಾರೆಯರು ಕಂಡುಹಿಡಿದ ಉಪಾಯವೆಂದು ಭಾವಿಸಿದ್ದಾರೆ. ಇದು ಆಸ್ಪತ್ರೆಯಲ್ಲಿ ಹುಟ್ಟಿದ ಪಥ್ಯ. ಅಪಸ್ಮಾರ, ಅಂದರೆ ಫಿಟ್ಸ್ ಬರುವ ಮಕ್ಕಳು ಉಪವಾಸವಿದ್ದಾಗ ಫಿಟ್ಸ್ ಕಡಿಮೆಯಾಗುವುದನ್ನು ವೈದ್ಯರು ಗಮನಿಸಿದ್ದರು. ಆದರೆ ಮಗುವನ್ನು ಎಷ್ಟು ದಿನ ಉಪವಾಸ ಕೆಡವಲು ಸಾಧ್ಯ? 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಡಾ. ರಸೆಲ್ ವೈಲ್ಡರ್ ಎಂಬವರು, ಊಟ ಮಾಡುತ್ತಲೇ ಉಪವಾಸದ ಪರಿಣಾಮ ಪಡೆಯುವ ದಾರಿಯೊಂದನ್ನು ಸೂಚಿಸಿದರು. ಅನ್ನ, ಬ್ರೆಡ್, ಸಕ್ಕರೆಯಂತಹ ಪಿಷ್ಟ ಪದಾರ್ಥಗಳನ್ನು ಬಹುತೇಕ ನಿಲ್ಲಿಸಿ ಕೊಬ್ಬನ್ನು ಹೆಚ್ಚಿಸಿದರೆ, ಯಕೃತ್ತು ಆ ಕೊಬ್ಬನ್ನು ಕರಗಿಸಿ ಕೀಟೋನ್ ಎಂಬ ಪದಾರ್ಥಗಳನ್ನು ತಯಾರಿಸುತ್ತದೆ. ಮೆದುಳು ಗ್ಲೂಕೋಸಿನ ಜೊತೆಗೆ ಈ ಕೀಟೋನನ್ನೂ ಇಂಧನವಾಗಿ ಉರಿಸಬಲ್ಲದು. ಔಷಧಿಗೆ ಬಗ್ಗದ ಮಕ್ಕಳ ಅಪಸ್ಮಾರಕ್ಕೆ ಇಂದಿಗೂ ಈ ಪಥ್ಯವನ್ನು ವೈದ್ಯರ ಕಣ್ಗಾವಲಿನಲ್ಲಿ ಕೊಡುತ್ತಾರೆ.

ಇಲ್ಲೊಂದು ಮಾತು ಸ್ಪಷ್ಟವಾಗಬೇಕು. "ನಾನು ಕೀಟೋ ಮಾಡ್ತಿದ್ದೇನೆ" ಎನ್ನುವವರಲ್ಲಿ ಹೆಚ್ಚಿನವರು ಮಾಡುತ್ತಿರುವುದು ಕೀಟೋ ಅಲ್ಲ. ನಿಜವಾದ ಕೀಟೋದಲ್ಲಿ ದಿನಕ್ಕೆ 20ರಿಂದ 50 ಗ್ರಾಂ ಪಿಷ್ಟ ಮಾತ್ರ. ಒಂದು ಬಟ್ಟಲು ಅನ್ನದಲ್ಲಿಯೇ 40 ಗ್ರಾಂಗೂ ಹೆಚ್ಚು ಪಿಷ್ಟವಿರುತ್ತದೆ. ಅಂದರೆ ಅನ್ನ, ರಾಗಿ ಮುದ್ದೆ, ಚಪಾತಿ, ನೀರುದೋಸೆ, ಬಿರಿಯಾನಿ, ಖರ್ಜೂರ, ಬಾಳೆಹಣ್ಣು ಯಾವುದೂ ಇಲ್ಲ. ಮೊಟ್ಟೆ, ಮೀನು, ಮಾಂಸ, ತುಪ್ಪ, ತೆಂಗಿನಕಾಯಿ, ಸೊಪ್ಪು, ಸೌತೆಕಾಯಿ ಇಷ್ಟರಲ್ಲೇ ದಿನ ಕಳೆಯಬೇಕು. ಗ್ರಿಲ್ ಮಾಡಿದ ಕೋಳಿಯನ್ನು ರುಮಾಲಿ ರೊಟ್ಟಿಯಲ್ಲಿ ಸುತ್ತಿ ತಿಂದರೆ ಅದು ಕೀಟೋ ಆಗುವುದಿಲ್ಲ. ಖರ್ಚೂ ಕಡಿಮೆಯಲ್ಲ. ಪಡಿತರ ಅಕ್ಕಿಯಲ್ಲಿ ಸಂಸಾರ ತೂಗಿಸುವ ಮನೆಯಲ್ಲಿ ಒಬ್ಬರ ತಟ್ಟೆಗೆ ಮಾತ್ರ ದಿನವೂ ಮೀನು, ಮೊಟ್ಟೆ, ತುಪ್ಪ ಬಡಿಸುವುದು ಸುಲಭದ ಮಾತೇ? ಇದನ್ನು ಯೋಚಿಸದೆ ಸಲಹೆ ಕೊಡುವುದು ವೈದ್ಯನಾದವನಿಗೆ ಶೋಭಿಸುವುದಿಲ್ಲ.

ಕಾಯಿಲೆ, ಕೀಟೋ, ಓಟ ಈ ಮೂರೂ ಒಬ್ಬರ ಬದುಕಿನಲ್ಲಿ ಕೂಡಿಬಂದ ಒಂದು ಪ್ರಸಿದ್ಧ ಉದಾಹರಣೆ ದಕ್ಷಿಣ ಆಫ್ರಿಕಾದಲ್ಲಿದೆ. ಕೇಪ್‌ಟೌನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಡಾ. ಟಿಮ್ ನೋಕ್ಸ್ ಸ್ವತಃ ದೂರದ ಓಟಗಾರರು. ಸುಮಾರು 90 ಕಿಲೋಮೀಟರಿನ ಕಾಮ್ರೇಡ್ಸ್ ಓಟವನ್ನೂ ಹಲವು ಬಾರಿ ಮುಗಿಸಿದವರು. 1985ರಲ್ಲಿ ಅವರು ಬರೆದ 'ಲೋರ್ ಆಫ್ ರನ್ನಿಂಗ್' ಪುಸ್ತಕವನ್ನು ಓಟಗಾರರು ಕೈಪಿಡಿಯಂತೆ ಇಟ್ಟುಕೊಳ್ಳುತ್ತಿದ್ದರು. ಓಟಗಾರನಿಗೆ ಪಿಷ್ಟವೇ ಬಲ ಎಂಬುದು ಆ ಪುಸ್ತಕದ ಉಪದೇಶ. ಅವರೂ ಹಾಗೆಯೇ ತಿಂದರು, ಹಾಗೆಯೇ ಓಡಿದರು. ಆದರೂ ಅವರಿಗೆ ಎರಡನೇ ವಿಧದ ಮಧುಮೇಹ ಬಂತು. ಅವರ ತಂದೆಗೂ ಅದೇ ಕಾಯಿಲೆಯಿತ್ತು. ನಮ್ಮಲ್ಲಿ ಕೆಲವರು "ನಾನು ದಿನಾ ವಾಕಿಂಗ್ ಹೋಗ್ತೇನೆ, ನನಗೆ ಏನೂ ಆಗಲ್ಲ" ಎಂದು ರಕ್ತ ಪರೀಕ್ಷೆಯನ್ನೇ ಮಾಡಿಸುವುದಿಲ್ಲ. ಅವರು ಈ ಸಂಗತಿಯನ್ನು ಗಮನಿಸಬೇಕು.

2010ರ ಕೊನೆಯಲ್ಲಿ ನೋಕ್ಸ್ ಪಿಷ್ಟ ತ್ಯಜಿಸಿದರು. ತೂಕ ಇಳಿಯಿತು, ಓಟ ಮತ್ತೆ ಹಗುರವಾಯಿತು. ತಾವು ಬರೆದ ಪುಸ್ತಕದ ಆ ಅಧ್ಯಾಯವನ್ನು ಹರಿದು ಹಾಕಿ ಎಂದು ಅವರೇ ಓದುಗರಿಗೆ ಹೇಳತೊಡಗಿದರು. 2014ರಲ್ಲಿ ತಾಯಿಯೊಬ್ಬರಿಗೆ ಟ್ವಿಟರ್‌ನಲ್ಲಿ ಮಗುವಿನ ಆಹಾರದ ಬಗ್ಗೆ ಕೊಟ್ಟ ಉತ್ತರಕ್ಕಾಗಿ ಅಲ್ಲಿನ ವೈದ್ಯಕೀಯ ಮಂಡಳಿ ಅವರನ್ನು ವಿಚಾರಣೆಗೆ ಒಳಪಡಿಸಿತು. 2017ರಲ್ಲಿ ಅವರು ನಿರ್ದೋಷಿ ಎಂದು ತೀರ್ಪಾಯಿತು. 2018ರಲ್ಲಿ ಮೇಲ್ಮನವಿಯೂ ವಜಾ ಆಯಿತು. ಇಷ್ಟು ಕಥೆ ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವ ಒಂದು ಸಂಗತಿಯಿದೆ: ನೋಕ್ಸ್ ಪಥ್ಯದ ಜೊತೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನೂ ಸೇವಿಸುತ್ತಿದ್ದುದಾಗಿ ತಾವೇ ಹೇಳಿದ್ದಾರೆ. ಪಥ್ಯ ಹಿಡಿದೆ, ಮಾತ್ರೆ ಎಸೆದೆ ಎನ್ನುವವರಿಗೆ ಅವರ ಉದಾಹರಣೆ ಸಮರ್ಥನೆಯಾಗದು.

ಒಬ್ಬರ ಅನುಭವ ಏನೇ ಇರಲಿ, ಪರೀಕ್ಷೆಗಳು ಏನು ಹೇಳುತ್ತವೆ? 2016ರಲ್ಲಿ ಅಮೆರಿಕದ ಜೆಫ್ ವೋಲೆಕ್ ಮತ್ತು ಸಂಗಡಿಗರು ಇಪ್ಪತ್ತು ಮಂದಿ ದೂರದ ಓಟಗಾರರನ್ನು ಪರೀಕ್ಷಿಸಿದ ವರದಿ ಬಂತು. ಬಹುಕಾಲ ಪಿಷ್ಟ ಬಿಟ್ಟಿದ್ದ ಹತ್ತು ಮಂದಿಯ ದೇಹ ನಿಮಿಷಕ್ಕೆ ಒಂದೂವರೆ ಗ್ರಾಂನಷ್ಟು ಕೊಬ್ಬು ಕರಗಿಸುತ್ತಿತ್ತು. ಸಾಮಾನ್ಯ ಊಟ ಮಾಡುತ್ತಿದ್ದ ಹತ್ತು ಮಂದಿಯಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಅಂದರೆ ದೇಹ ಕೊಬ್ಬಿನಲ್ಲಿ ಓಡಲು ಕಲಿಯುತ್ತದೆ ಎಂಬುದು ನಿಜ. ಆದರೆ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆಸ್ಟ್ರೇಲಿಯಾದ ಲೂಯಿಸ್ ಬರ್ಕ್ ವೇಗದ ನಡಿಗೆಯ ಶ್ರೇಷ್ಠ ಕ್ರೀಡಾಪಟುಗಳಿಗೆ ಮೂರು ವಾರ ಕಠಿಣ ತರಬೇತಿ ಕೊಟ್ಟು ನೋಡಿದಾಗ, ಪಿಷ್ಟ ತಿಂದವರ ಹತ್ತು ಕಿಲೋಮೀಟರಿನ ವೇಗ ಸುಧಾರಿಸಿತು, ಕೀಟೋದವರದು ಸುಧಾರಿಸಲಿಲ್ಲ. ಕಾರಣ ಸರಳ. ಒಂದು ಲೀಟರ್ ಆಮ್ಲಜನಕದಲ್ಲಿ ಪಿಷ್ಟ ಉರಿದರೆ ಸುಮಾರು 5 ಕ್ಯಾಲರಿ ಸಿಗುತ್ತದೆ, ಕೊಬ್ಬು ಉರಿದರೆ 4.7. ಉಸಿರು ಬಿಗಿಹಿಡಿದು ವೇಗವಾಗಿ ಓಡುವವರಿಗೆ ಈ ಅಂತರ ದುಬಾರಿ.

ಆದ್ದರಿಂದ ಮೊದಲ ಉತ್ತರ ಇದು. ಹೌದು, ಅನ್ನ ಬಿಟ್ಟವರೂ ನಿಧಾನವಾಗಿ, ಮಾತನಾಡುತ್ತಾ ಓಡಬಲ್ಲ ವೇಗದಲ್ಲಿ 21 ಕಿಲೋಮೀಟರ್ ಮುಗಿಸಬಹುದು. ಪದಕದ ಆಸೆಯಿದ್ದರೆ ಈ ಪಥ್ಯ ನೆರವಾಗದು. ಮತ್ತು ಮೊದಲಿನ ಲೆಕ್ಕವನ್ನು ನೆನಪಿಸಿಕೊಳ್ಳಿ: ಬೇಕಾದದ್ದು 1500, ಜೇಬಿನಲ್ಲಿರುವುದು 2000. ಅರ್ಧ ಮ್ಯಾರಥಾನಿಗಾಗಿಯೇ ಯಾರೂ ಕೀಟೋ ಮಾಡಬೇಕಾದ ಅಗತ್ಯವಿಲ್ಲ. ಮಾಡುವುದಾದರೆ ಅದು ಕಾಯಿಲೆಯ ಕಾರಣಕ್ಕೆ, ವೈದ್ಯರ ಒಪ್ಪಿಗೆಯಿಂದ ಇರಬೇಕು.

ಕಾಯಿಲೆ ಎಂದಾಗ ಯಾವ ಕಾಯಿಲೆ ಎಂದು ಕೇಳಬೇಕು. ಟೈಫಾಯ್ಡ್, ಕ್ಷಯ, ದೊಡ್ಡ ಶಸ್ತ್ರಚಿಕಿತ್ಸೆಯಿಂದ ಎದ್ದವರ ದೇಹ ಸೊರಗಿರುತ್ತದೆ. ಅವರಿಗೆ ಬೇಕಾದದ್ದು ಹೊಟ್ಟೆ ತುಂಬ ಊಟ, ಬೇಳೆ, ಮೊಟ್ಟೆ, ವಿಶ್ರಾಂತಿ. ಅವರಿಗೆ ಕೀಟೋ ಸಲ್ಲದು. ವೈರಲ್ ಜ್ವರವಿರುವಾಗ ಓಡುವುದು ಅಪಾಯ. ಕೆಲವೊಮ್ಮೆ ವೈರಸ್ ಹೃದಯದ ಸ್ನಾಯುವಿಗೂ ತಾಗಿರುತ್ತದೆ. ಜ್ವರ ಬಿಟ್ಟ ಮೇಲೂ ಎದೆನೋವು, ಎದೆಬಡಿತ, ಏದುಸಿರು ಇದ್ದರೆ ಹೃದಯ ತಪಾಸಣೆಯಾಗದೆ ಮೈದಾನಕ್ಕೆ ಇಳಿಯಬಾರದು.

ಎರಡನೇ ವಿಧದ ಮಧುಮೇಹದ ಮಾತು ಬೇರೆ. ಇಲ್ಲಿ ಸಮಸ್ಯೆ ಹೆಚ್ಚಾಗಿ ಯಕೃತ್ತು, ಮೇದೋಜೀರಕ ಗ್ರಂಥಿಯ ಸುತ್ತ ಕೂಡಿದ ಕೊಬ್ಬು. ಬ್ರಿಟನ್ನಿನಲ್ಲಿ ರಾಯ್ ಟೇಲರ್ ಮತ್ತು ಮೈಕ್ ಲೀನ್ ಎಂಬ ವೈದ್ಯರು ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಯಿಲೆ ಬಂದು ಆರು ವರ್ಷ ಮೀರದವರಿಗೆ ಕಡಿಮೆ ಕ್ಯಾಲರಿಯ ಆಹಾರ ಕೊಟ್ಟು ತೂಕ ಇಳಿಸಲಾಯಿತು. ಒಂದು ವರ್ಷದ ಬಳಿಕ ಶೇ. 46ರಷ್ಟು ಜನ ಮಾತ್ರೆಯಿಲ್ಲದೆ ಸಕ್ಕರೆ ಹತೋಟಿಯಲ್ಲಿಟ್ಟುಕೊಂಡಿದ್ದರು. ಅದು ಕೀಟೋ ಪಥ್ಯವಾಗಿರಲಿಲ್ಲ ಎಂಬುದನ್ನು ಗಮನಿಸಿ. ತೂಕ ಇಳಿಸಿ, ಇಳಿದದ್ದನ್ನು ಉಳಿಸಿಕೊಳ್ಳುವುದೇ ಮುಖ್ಯ. ಅದಕ್ಕೆ ಕೀಟೋ ಒಂದು ದಾರಿ, ಒಂದೇ ದಾರಿಯಲ್ಲ. ಎರಡು ತಟ್ಟೆ ಅನ್ನವನ್ನು ಅರ್ಧ ತಟ್ಟೆಗೆ ಇಳಿಸಿ, ಪಲ್ಯ, ಸೊಪ್ಪು, ಬೇಳೆ, ಮೀನು ಹೆಚ್ಚಿಸುವುದೂ ಒಂದು ದಾರಿಯೇ. ಬಹಳ ಮನೆಗಳಿಗೆ ಅದೇ ಬಾಳಿಕೆ ಬರುವ ದಾರಿ.

ಈಗ ಎಚ್ಚರಿಕೆಯ ಮಾತು. ದಯವಿಟ್ಟು ಕಿವಿಗೊಟ್ಟು ಕೇಳಿ, ಏಕೆಂದರೆ ಇದರಲ್ಲಿ ಪ್ರಾಣದ ಪ್ರಶ್ನೆಯಿದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರು ಮೊದಲಿನ ಪ್ರಮಾಣದಲ್ಲೇ ಔಷಧಿ ನುಂಗಿ, ಅನ್ನ ಬಿಟ್ಟು, ಮೇಲಿಂದ ಓಡಿದರೆ ಸಕ್ಕರೆ 70ಕ್ಕಿಂತ ಕೆಳಗೆ ಕುಸಿದು ರಸ್ತೆಯಲ್ಲೇ ಪ್ರಜ್ಞೆ ತಪ್ಪಬಹುದು. ಇನ್ನು ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳಿವೆ. ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವ ಒಳ್ಳೆಯ ಔಷಧಿಗಳು. ಇವುಗಳ ಜೊತೆ ಕೀಟೋ ಪಥ್ಯ ಸೇರಿದರೆ ರಕ್ತ ಆಮ್ಲೀಯವಾಗುವ ಕೀಟೋ ಅಸಿಡೋಸಿಸ್ ಎಂಬ ಅಪಾಯ ಬರಬಹುದು. ಈ ಮಾತ್ರೆಗಳಿಂದ ಆ ಅಪಾಯವಿದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲೇ ಎಚ್ಚರಿಸಿದೆ. ಇದರ ಮೋಸವೆಂದರೆ, ಆಗ ಸಕ್ಕರೆಯ ಅಂಕಿ ಹೆಚ್ಚೇನೂ ಏರಿರದೆ ಇರಬಹುದು. ವಾಂತಿ, ಹೊಟ್ಟೆನೋವು, ಆಳವಾದ ವೇಗದ ಉಸಿರಾಟ ಕಂಡರೆ "ಶುಗರ್ ಸರಿಯಾಗೇ ಇದೆಯಲ್ಲ" ಎಂದು ಮನೆಯಲ್ಲಿ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಚಿಕ್ಕಂದಿನಿಂದ ಇನ್ಸುಲಿನ್ ಬೇಕಾಗಿರುವ ಮಕ್ಕಳು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮೂತ್ರಪಿಂಡದ ತೊಂದರೆಯಿರುವವರು ತಾವಾಗಿಯೇ ಈ ಪಥ್ಯಕ್ಕೆ ಕೈಹಾಕಲೇಬಾರದು. ಮೊಬೈಲಿನ ವಿಡಿಯೋದಲ್ಲಿ ಮಾತನಾಡುವವರಿಗೆ ನಿಮ್ಮ ಔಷಧಿ ಚೀಟಿ ಗೊತ್ತಿರುವುದಿಲ್ಲ.

ಓಟಕ್ಕೆ ಸಿದ್ಧರಾಗುವವರಿಗೆ ಕೆಲವು ಸೂಚನೆಗಳು. ರಕ್ತದೊತ್ತಡ, ಮೂರು ತಿಂಗಳ ಸರಾಸರಿ ಸಕ್ಕರೆ, ಕ್ರಿಯಾಟಿನಿನ್, ಇಸಿಜಿ ಮೊದಲು ಆಗಲಿ. ಕಣ್ಣಿನ ಪರದೆ ಮತ್ತು ಪಾದದ ಸ್ಪರ್ಶಜ್ಞಾನ ಪರೀಕ್ಷಿಸಿಕೊಳ್ಳಿ; ಪಾದ ಜೋಮು ಹಿಡಿದವರಿಗೆ ಗುಳ್ಳೆ ಎದ್ದದ್ದೂ ತಿಳಿಯುವುದಿಲ್ಲ. ಪಿಷ್ಟ ಬಿಟ್ಟ ಮೊದಲ ವಾರಗಳಲ್ಲಿ ಮೂತ್ರಪಿಂಡವು ಉಪ್ಪನ್ನು ಹೊರಹಾಕುವುದರಿಂದ ತಲೆನೋವು, ಸುಸ್ತು, ಸ್ನಾಯು ಸೆಳೆತ ಬರುತ್ತದೆ. ಆ ದಿನಗಳಲ್ಲಿ ನಡಿಗೆ ಸಾಕು, ಓಟ ಬೇಡ. ನಡಿಗೆಯಿಂದ ಶುರುಮಾಡಿ ನಾಲ್ಕೈದು ತಿಂಗಳು ಹಂತಹಂತವಾಗಿ ದೂರ ಹೆಚ್ಚಿಸಿ. ಬಾಯಾರಿದಷ್ಟೇ ನೀರು ಕುಡಿಯಿರಿ. ಅತಿಯಾಗಿ ನೀರು ಕುಡಿದರೆ ರಕ್ತದ ಸೋಡಿಯಂ ಕುಸಿಯುತ್ತದೆ ಎಂಬುದನ್ನು ಓಟಗಾರರಲ್ಲಿ ಗುರುತಿಸಿ ತೋರಿಸಿದವರಲ್ಲಿ ಮೇಲೆ ಹೇಳಿದ ನೋಕ್ಸ್ ಅವರೇ ಪ್ರಮುಖರು. ಜೇಬಿನಲ್ಲಿ ಗ್ಲೂಕೋಸ್ ಪುಡಿ ಅಥವಾ ಮೂರು ಖರ್ಜೂರ ಇರಲಿ. ಕೈನಡುಕ, ಬೆವರು, ಕಣ್ಣುಕತ್ತಲೆ ಬಂದಾಗ "ಪಥ್ಯ ಮುರಿಯುತ್ತದೆ" ಎಂದು ಹಿಂಜರಿಯಬೇಡಿ. ಪಥ್ಯ ನಮಗಾಗಿ ಇರುವುದು, ಪಥ್ಯಕ್ಕಾಗಿ ನಾವಲ್ಲ.

ರಮಝಾನಿನ ವಿಷಯವನ್ನು ಹಲವರು ಕೇಳಿದ್ದಾರೆ. ಹದಿಮೂರು ಹದಿನಾಲ್ಕು ಗಂಟೆಗಳ ಉಪವಾಸದ ಕೊನೆಯಲ್ಲಿ ಯಕೃತ್ತಿನ ದಾಸ್ತಾನು ತಗ್ಗಿ ದೇಹ ಕೊಬ್ಬನ್ನು ಹೆಚ್ಚಾಗಿ ಬಳಸತೊಡಗುತ್ತದೆ. ಅದು ಸಹಜ. ಆದರೆ ಇಫ್ತಾರ್‌ನಲ್ಲಿ ಶರಬತ್ತು, ಸಮೋಸಾ, ಕರಿದ ತಿಂಡಿಗಳ ರಾಶಿ ಹಾಕಿದರೆ ಹಗಲು ಗಳಿಸಿದ್ದು ಸಂಜೆಗೆ ಖರ್ಚಾಗುತ್ತದೆ. ಹೊಟ್ಟೆಯ ಒಂದು ಭಾಗ ಆಹಾರಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ಉಸಿರಿಗೆ ಇರಲಿ ಎಂಬುದು ಪ್ರವಾದಿವರ್ಯರ(ಸ) ಬೋಧನೆ. ಓಟಗಾರನಿಗೆ ಇದಕ್ಕಿಂತ ಒಳ್ಳೆಯ ಪಥ್ಯಸೂತ್ರ ನನಗೆ ತಿಳಿದಿಲ್ಲ. ರೋಗಿಗಳಿಗೆ ಉಪವಾಸದಿಂದ ವಿನಾಯಿತಿ ಇರುವುದನ್ನು ಪವಿತ್ರ ಕುರ್‌ಆನ್‌ನ ಅಲ್ ಬಕರಾ ಅಧ್ಯಾಯ ಸ್ಪಷ್ಟಪಡಿಸಿದೆ. ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನೂ ಉಲಮಾಗಳನ್ನೂ ಕೇಳಿ ತೀರ್ಮಾನಿಸಲಿ. ಬ್ರಿಟನ್ನಿನ ಮೋ ಫರಾಹ್ ಹೆಸರನ್ನು ನಮ್ಮ ಹುಡುಗರು ಬಲ್ಲರು. 2014ರಿಂದ 2019ರವರೆಗೆ ಸತತ ಆರು ಬಾರಿ ಗ್ರೇಟ್ ನಾರ್ತ್ ರನ್ ಎಂಬ ಅರ್ಧ ಮ್ಯಾರಥಾನ್ ಗೆದ್ದ ಮುಸ್ಲಿಂ ಓಟಗಾರ. 2012ರ ಲಂಡನ್ ಒಲಿಂಪಿಕ್ಸ್ ರಮಝಾನಿನಲ್ಲೇ ಬಂದಾಗ ಅವರು ಉಪವಾಸಗಳನ್ನು ಮುಂದೂಡಿದ್ದರು. ದೇಹದ ಮಿತಿಯನ್ನು ತಿಳಿದು ನಡೆಯುವುದು ಶ್ರದ್ಧೆಗೆ ವಿರುದ್ಧವಲ್ಲ.

ತಾಯಂದಿರಿಗೆ ಒಂದು ಮಾತು. ಪ್ರವಾದಿವರ್ಯರು(ಸ) ಪತ್ನಿ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ನಡೆಸಿದ ಪ್ರಸಂಗ ಅಬೂದಾವೂದ್ ಹದೀಸ್ ಸಂಗ್ರಹದಲ್ಲಿದೆ. ಮೊದಲ ಸಲ ಆಯಿಶಾ(ರ) ಗೆದ್ದರು, ಮುಂದೊಮ್ಮೆ ಪ್ರವಾದಿವರ್ಯರು(ಸ) ಗೆದ್ದರು. ಹೀಗಿರುವಾಗ ನಮ್ಮ ಹೆಣ್ಣುಮಕ್ಕಳು ಮದುವೆಯಾದ ಮೇಲೆ ಮನೆಯ ಮೆಟ್ಟಿಲಿಗಿಂತ ದೂರ ನಡೆಯದಿರುವುದಕ್ಕೆ ಕಾರಣ ಏನು? ಎಲ್ಲರ ಊಟ ಮುಗಿದ ಮೇಲೆ ಉಳಿದ ಅನ್ನವನ್ನು ಹಾಳಾಗಬಾರದೆಂದು ತಾವೇ ಉಣ್ಣುವವರೂ ಅವರೇ. ಕಾಯಿಲೆ ಬಂದಾಗ ಪರೀಕ್ಷೆಯನ್ನು ಮುಂದೂಡುವವರೂ ಅವರೇ.

ಆಡಳಿತ ಮಂಡಳಿಯ ಹಿರಿಯರಲ್ಲಿ ನನ್ನ ಎರಡು ವಿನಂತಿಗಳಿವೆ. ಒಂದು, ಈ ಶಾಲೆಯ ಮೈದಾನ ಬೆಳಗಿನ ಹೊತ್ತು ಖಾಲಿ ಬಿದ್ದಿರುತ್ತದೆ. ಫಜ್ರ್ ನಮಾಝಿನ ನಂತರ ಒಂದು ಗಂಟೆ ಊರಿನವರಿಗೆ, ಮಕ್ಕಳು ತರಗತಿಗೆ ಹೋದ ಮೇಲೆ ಒಂದು ಗಂಟೆ ತಾಯಂದಿರಿಗೆ ಅದನ್ನು ತೆರೆದಿಡಿ. ಎರಡು, ವಾರ್ಷಿಕೋತ್ಸವದ ದಿನ ಬಹುಮಾನಗಳ ಜೊತೆಗೆ ಪೋಷಕರಿಗೆಲ್ಲ ಸಕ್ಕರೆ ಮತ್ತು ರಕ್ತದೊತ್ತಡದ ತಪಾಸಣೆ ಏರ್ಪಡಿಸಿ. ಆ ಕೆಲಸಕ್ಕೆ ನಾನೂ ನನ್ನ ಸಹೋದ್ಯೋಗಿಗಳೂ ಬರುತ್ತೇವೆ. ಒಂದು ಮನೆಯಲ್ಲಿ ದುಡಿಯುವವರು ಹಾಸಿಗೆ ಹಿಡಿದರೆ ಮೊದಲು ನಿಲ್ಲುವುದು ಮಗುವಿನ ಶಾಲೆ. ವಿದ್ಯಾಸಂಸ್ಥೆಯ ವೇದಿಕೆಯಲ್ಲಿ ನಿಂತು ಓಟದ, ಊಟದ ಮಾತನ್ನು ಇಷ್ಟು ಹೊತ್ತು ಆಡಿದ್ದು ಅದಕ್ಕಾಗಿಯೇ.

ದೇಹ ಅಲ್ಲಾಹನು ನಮ್ಮ ಕೈಯಲ್ಲಿಟ್ಟ ಅಮಾನತ್. ಅದನ್ನು ಬಳಸದೆ ತುಕ್ಕು ಹಿಡಿಸುವುದೂ ಸರಿಯಲ್ಲ, ಹಟಕ್ಕೆ ಬಿದ್ದು ಮುರಿಯುವುದೂ ಸರಿಯಲ್ಲ. ಕಾಯಿಲೆಯಿಂದ ಎದ್ದು ಓಡಲು ಹೊರಟ ಎಲ್ಲರಿಗೂ ಅಲ್ಲಾಹನು ಬಲವನ್ನೂ ವಿವೇಕವನ್ನೂ ಕರುಣಿಸಲಿ. ಆಮೀನ್.